ಗೊತ್ತುವಳಿಯ ಒಂದು ಸಾಲು ತೆಗೆಸಿದ ಕಥೆ: ನನ್ನ ಅನುಭವ

ನಾನು ಇಂಗ್ಲೆಂಡಿನಲ್ಲಿ ಜಿಪಿ. ಅಂದರೆ ನಮ್ಮ ಕಡೆಯ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ. ಮೈಸೂರಿನಲ್ಲಿ ಎಂಬಿಬಿಎಸ್ ಓದಿ 1990ರ ದಶಕದಲ್ಲಿ ಇಲ್ಲಿಗೆ ಬಂದೆ. ಇರಾಕ್ ಯುದ್ಧವನ್ನು ವಿರೋಧಿಸಿದ ಪಕ್ಷ ಅನ್ನುವ ಕಾರಣಕ್ಕೆ 2003ರಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷ ಸೇರಿದೆ. ಕರಪತ್ರ ಹಂಚುವುದು, ಚುನಾವಣೆ ಬಂದಾಗ ಮನೆ ಮನೆ ತಿರುಗುವುದು, ಇಷ್ಟೇ ನನ್ನ ರಾಜಕೀಯ. ಪಕ್ಷದ ಒಳಗೆ ನಿಂತು ಪಕ್ಷದ ನಾಯಕರ ವಿರುದ್ಧ ಮತ ಒಟ್ಟುಗೂಡಿಸುವ ಕೆಲಸ ಮಾಡುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ.

2010ರ ಮೇ ತಿಂಗಳಲ್ಲಿ ನಮ್ಮ ಪಕ್ಷ ಕನ್ಸರ್ವೇಟಿವ್ ಪಕ್ಷದ ಜೊತೆ ಸೇರಿ ಸರ್ಕಾರ ಮಾಡಿತು. ಎರಡೂ ಪಕ್ಷ ಸೇರಿ ಬರೆದ ಒಪ್ಪಂದದಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಗ್ಗೆ ಒಂದು ಮಾತು ಇತ್ತು. ಎನ್‌ಎಚ್‌ಎಸ್ ಅನ್ನು ಮೇಲಿನಿಂದ ಹೇರಿ ಬದಲಾಯಿಸುವುದನ್ನು ನಿಲ್ಲಿಸುತ್ತೇವೆ ಅಂತ. ಅದನ್ನು ಓದಿ ನಿಜಕ್ಕೂ ಖುಷಿಯಾಗಿತ್ತು. ಪ್ರತಿ ನಾಲ್ಕೈದು ವರ್ಷಕ್ಕೊಮ್ಮೆ ಆಡಳಿತ ಬದಲಾಗಿ, ಫೋನ್ ಮಾಡಬೇಕಾದ ಕಚೇರಿಯೇ ಬೇರೆಯಾಗುವುದನ್ನು ನೋಡಿ ಸಾಕಾಗಿತ್ತು. ಆದರೆ ಎರಡೇ ತಿಂಗಳಲ್ಲಿ, ಜುಲೈನಲ್ಲಿ, ಆರೋಗ್ಯ ಮಂತ್ರಿ ಆಂಡ್ರ್ಯೂ ಲ್ಯಾನ್ಸ್ಲಿ ಶ್ವೇತಪತ್ರ ತಂದರು. ಅದರಲ್ಲಿ ಇದ್ದದ್ದು ದಶಕಗಳಲ್ಲೇ ಕಾಣದಷ್ಟು ದೊಡ್ಡ ಬದಲಾವಣೆ. ಊರೂರಿನ ಪ್ರೈಮರಿ ಕೇರ್ ಟ್ರಸ್ಟ್‌ಗಳು ಹೋಗುತ್ತವೆ. ಊರಿನ ಆರೋಗ್ಯ ಸೇವೆಗೆ ಖರ್ಚು ಮಾಡಲು ಅವುಗಳ ಕೈಯಲ್ಲಿದ್ದ ಹಣದ ದೊಡ್ಡ ಪಾಲು ನಮ್ಮಂಥ ಜಿಪಿಗಳ ಗುಂಪಿಗೆ ಬರುತ್ತದೆ. ಆ ಹಣದಲ್ಲಿ ನಾವು ಆಸ್ಪತ್ರೆಗಳಿಂದ ಸೇವೆ ಕೊಳ್ಳಬೇಕು. ಮಾನಿಟರ್ ಅನ್ನುವ ಸಂಸ್ಥೆ ಸ್ಪರ್ಧೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಿಕೊಳ್ಳುತ್ತದೆ. 2011ರ ಜನವರಿಯಲ್ಲಿ ಇದೇ ಮಸೂದೆಯಾಗಿ ಸಂಸತ್ತಿಗೆ ಬಂತು. ಇಲಾಖೆಯಲ್ಲಿ ಇದನ್ನು ಬೆಂಬಲಿಸಿ ಕೂತಿದ್ದ ರಾಜ್ಯ ಮಂತ್ರಿ ಪಾಲ್ ಬರ್ಸ್ಟೋ ನಮ್ಮ ಪಕ್ಷದವರೇ.

ಜಿಪಿಗಳ ಕೈಗೆ ಹಣ ಬಂದರೆ ಒಳ್ಳೆಯದೇ ಅಲ್ವಾ ಅಂತ ಊರಿನ ಗೆಳೆಯರು ಕೇಳುತ್ತಿದ್ದರು. ನನ್ನ ಕ್ಲಿನಿಕ್ಕಿನ ಪಾಲುದಾರ ಡಾಕ್ಟರೊಬ್ಬರೂ ಹಾಗೇ ಹೇಳುತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನಮ್ಮಲ್ಲೇ ಒಂದು ತಪಾಸಣೆ ಶುರು ಮಾಡಲು ಅವರು ವರ್ಷಕ್ಕಿಂತ ಜಾಸ್ತಿ ಅಲೆದಿದ್ದರು. ನಾವೇ ತೀರ್ಮಾನ ಮಾಡುವಂತಿದ್ದರೆ ಒಂದು ವಾರದ ಕೆಲಸ ಅಂತ ಅವರ ವಾದ.

ನನ್ನ ಭಯ ಬೇರೆ. ಸಕ್ಕರೆ ಕಾಯಿಲೆ ಇರುವ ಒಬ್ಬ ಅಜ್ಜನ ಕಾಲಿನ ಹುಣ್ಣನ್ನು ತೆಗೆದುಕೊಳ್ಳಿ. ನಾನು ನೋಡುತ್ತೇನೆ. ಪಾದದ ತಜ್ಞೆ ನೋಡುತ್ತಾರೆ. ಮನೆಗೆ ಹೋಗಿ ನರ್ಸ್ ಡ್ರೆಸ್ಸಿಂಗ್ ಮಾಡುತ್ತಾರೆ. ರಕ್ತ ಹರಿಯುತ್ತಿಲ್ಲ ಅಂದರೆ ಆಸ್ಪತ್ರೆಯ ಸರ್ಜನ್ ಬೇಕು. ಈ ನಾಲ್ಕೂ ಜನ ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡಿಕೊಂಡರೆ ಕಾಲು ಉಳಿಯುತ್ತದೆ. ನಾಲ್ಕು ಜನ ನಾಲ್ಕು ಬೇರೆ ಬೇರೆ ಗುತ್ತಿಗೆಯಲ್ಲಿ, ಒಬ್ಬರ ಮೇಲೊಬ್ಬರು ಟೆಂಡರ್ ಹಾಕಿ ಕೂತರೆ ಆ ಫೋನ್ ಯಾರು ಮಾಡುತ್ತಾರೆ? ಇನ್ನೊಂದು ವಿಷಯ. ನನ್ನ ಮುಂದೆ ಕೂತ ರೋಗಿಗೆ ದೊಡ್ಡಾಸ್ಪತ್ರೆಗೆ ಬರೆದುಕೊಡುವುದು ಬೇಡ ಅಂದಾಗ, ಅದು ವೈದ್ಯನ ಮಾತಾ, ಹಣ ಉಳಿಸುವವನ ಮಾತಾ ಅಂತ ಅವರಿಗೆ ಅನುಮಾನ ಬಂದರೆ ನಾನು ಏನು ಹೇಳಲಿ?

ಇದನ್ನೇ ನಮ್ಮ ಸ್ಥಳೀಯ ಘಟಕದ ಸಭೆಯಲ್ಲಿ ಹೇಳಿದೆ. ಮೊದಲ ಸಲ ಸೋತೆ. ಕಾರಣ ನನ್ನದೇ. ಮಸೂದೆಯ ಕಲಂ ಕಲಂ ಹಿಡಿದು ಇಪ್ಪತ್ತು ನಿಮಿಷ ಮಾತಾಡಿದೆ. ಎಲ್ಲರಿಗೂ ಸುಸ್ತಾಯಿತು. ಘಟಕದ ಅಧ್ಯಕ್ಷರು, ನಿವೃತ್ತ ಮೇಷ್ಟ್ರು, ಮೃದುವಾಗಿ ಒಂದು ಮಾತು ಹೇಳಿದರು. ಅರವತ್ತೈದು ವರ್ಷದ ನಂತರ ಸರ್ಕಾರದಲ್ಲಿದ್ದೇವೆ ಡಾಕ್ಟ್ರೇ, ಈಗ ನಾವೇ ನಮ್ಮವರ ಕಾಲೆಳೆದರೆ ಹೇಗೆ ಅಂತ. ಅದು ಸುಮ್ನೆ ತಳ್ಳಿಹಾಕುವ ಮಾತಾಗಿರಲಿಲ್ಲ. ಅವರು ಜೀವನವಿಡೀ ಸೋಲುವ ಪಕ್ಷಕ್ಕಾಗಿ ಮಳೆಯಲ್ಲಿ ಕರಪತ್ರ ಹಂಚಿದವರು. ಮುಂದಿನ ತಿಂಗಳು ಅದೇ ಸಭೆಯಲ್ಲಿ ಆ ಕಾಲಿನ ಹುಣ್ಣಿನ ಕಥೆಯನ್ನಷ್ಟೇ ಐದು ನಿಮಿಷದಲ್ಲಿ ಹೇಳಿದೆ. ಜೊತೆಗೆ ಒಪ್ಪಂದದ ಆ ಸಾಲನ್ನು ಓದಿದೆ. ನಾವು ಸರ್ಕಾರ ಬೀಳಿಸಿ ಅನ್ನುತ್ತಿಲ್ಲ, ನಾವೇ ಸಹಿ ಹಾಕಿದ್ದನ್ನು ಪಾಲಿಸಿ ಅನ್ನುತ್ತಿದ್ದೇವೆ ಅಂದೆ. ಅವತ್ತು ನನ್ನನ್ನು ಸಮ್ಮೇಳನದ ಪ್ರತಿನಿಧಿಯಾಗಿ ಆರಿಸಿದರು.

ನಮ್ಮ ಪಕ್ಷದ ಒಂದು ವಿಶೇಷ ಹೇಳಬೇಕು. ಇಲ್ಲಿ ಪಕ್ಷದ ನೀತಿ ತೀರ್ಮಾನವಾಗುವುದು ಸಮ್ಮೇಳನದಲ್ಲಿ. ಆಗ ಊರೂರಿನ ಘಟಕಗಳಿಂದ ಆರಿಸಿ ಬಂದವರು ಕಾರ್ಡ್ ಎತ್ತಿ ಮತ ಹಾಕುತ್ತಿದ್ದರು. ಉಪಪ್ರಧಾನಿಯಾಗಿದ್ದ ನಮ್ಮ ನಾಯಕರಿಗೂ ಒಂದೇ ಮತ, ನನಗೂ ಒಂದೇ ಮತ. ಆ ಮತ ಸಂಸತ್ ಸದಸ್ಯರನ್ನು ಕಟ್ಟಿಹಾಕುವುದಿಲ್ಲ ನಿಜ. ಆದರೆ ಪಕ್ಷ ಒಪ್ಪಿದೆ ಅಂತ ಹೇಳಿಕೊಳ್ಳಲು ನಾಯಕರಿಗೆ ಆ ಮತ ಬೇಕೇ ಬೇಕು. ನಮ್ಮ ಬಲವೆಲ್ಲ ಅಲ್ಲೇ ಇದ್ದದ್ದು.

2011ರ ಮಾರ್ಚ್, ಶೆಫೀಲ್ಡ್ ಸಮ್ಮೇಳನ. ಸಭಾಂಗಣದ ಸುತ್ತ ಉಕ್ಕಿನ ಬೇಲಿ, ಹೊರಗೆ ನಮ್ಮ ವಿರುದ್ಧವೇ ಘೋಷಣೆ ಕೂಗುವ ಸಾವಿರಾರು ಜನ. ಒಳಗೆ ಬರ್ಸ್ಟೋ ಮಂಡಿಸಿದ ಗೊತ್ತುವಳಿಗೆ ತಿದ್ದುಪಡಿ ತಂದವರು ಪಕ್ಷದ ಹಿರಿಯ ನಾಯಕಿ ಶರ್ಲಿ ವಿಲಿಯಮ್ಸ್ ಮತ್ತು ಮಾಜಿ ಸಂಸದ ಡಾಕ್ಟರ್ ಇವಾನ್ ಹ್ಯಾರಿಸ್. ಮಾರುಕಟ್ಟೆಯ ಸ್ಪರ್ಧೆ ಬೇಡ, ಹಣ ಖರ್ಚು ಮಾಡುವವರು ಜನರಿಗೆ ಉತ್ತರ ಕೊಡುವಂತಿರಲಿ ಅನ್ನುವುದು ಅದರ ಸಾರ. ಭಾರೀ ಬಹುಮತದಿಂದ ಗೆದ್ದಿತು. ಮುಂದಿನ ತಿಂಗಳೇ ಸರ್ಕಾರ ಮಸೂದೆಗೆ ವಿರಾಮ ಕೊಟ್ಟಿತು. ಜಿಪಿ ಸ್ಟೀವ್ ಫೀಲ್ಡ್ ನೇತೃತ್ವದ ಸಮಿತಿ ದೇಶ ಸುತ್ತಿ ಅಭಿಪ್ರಾಯ ಕೇಳಿತು. ಆ ಬೇಸಿಗೆಯಲ್ಲಿ ನಾವು ಗೆದ್ದೆವು ಅಂತಲೇ ನಂಬಿದ್ದೆ.

ಆಮೇಲೆ ತಿದ್ದುಪಡಿಗಳ ಮಳೆ. ನೂರಾರು ತಿದ್ದುಪಡಿ ಬಂದವು. ಕೆಲವು ನಿಜಕ್ಕೂ ಒಳ್ಳೆಯವು. ಆದರೆ ಮಸೂದೆಯ ಮೂರನೇ ಭಾಗ, ಸ್ಪರ್ಧೆಯ ಭಾಗ, ಅಲ್ಲೇ ಇತ್ತು. 2012ರ ಫೆಬ್ರವರಿಗೆ ನಮ್ಮ ಜಿಪಿಗಳ ವೃತ್ತಿ ಸಂಸ್ಥೆಯಾದ ರಾಯಲ್ ಕಾಲೇಜೇ ಮಸೂದೆ ಹಿಂದಕ್ಕೆ ತೆಗೆದುಕೊಳ್ಳಿ ಅಂತ ಹೇಳಿತು. ಪಂಜಾಬಿನಲ್ಲಿ ಓದಿ ಬಂದ ಡಾಕ್ಟರ್ ಕೈಲಾಶ್ ಚಂದ್ ಶುರು ಮಾಡಿದ ಮನವಿಗೆ ಒಂದು ಲಕ್ಷಕ್ಕಿಂತ ಜಾಸ್ತಿ ಸಹಿ ಬಿದ್ದವು. ನಮ್ಮ ನಾಡಿನಿಂದ ಬಂದ ಸಾವಿರಾರು ವೈದ್ಯರು ದುಡಿದು ಕಟ್ಟಿದ ವ್ಯವಸ್ಥೆ ಇದು. ಆ ಸಹಿಗಳನ್ನು ನೋಡಿದಾಗ ನನ್ನ ಎದೆ ತುಂಬಿ ಬಂದಿತ್ತು.

ಇನ್ನು ಉಳಿದದ್ದು ಗೇಟ್ಸ್‌ಹೆಡ್ ಸಮ್ಮೇಳನ, ಮಾರ್ಚ್ 9ರಿಂದ 11. ತುರ್ತು ಗೊತ್ತುವಳಿ ತರಲು ಆಗ ಹತ್ತು ಪ್ರತಿನಿಧಿಗಳ ಸಹಿ ಸಾಕಿತ್ತು. ಆದರೆ ಯಾವುದನ್ನು ಚರ್ಚೆಗೆ ತೆಗೆದುಕೊಳ್ಳಬೇಕು ಅಂತ ಪ್ರತಿನಿಧಿಗಳೇ ಮತ ಹಾಕಿ ಆರಿಸುತ್ತಿದ್ದರು. ಎರಡು ಗೊತ್ತುವಳಿಗಳು ಎದುರುಬದುರಾದವು. ಒಂದು, ಮಸೂದೆಯನ್ನು ಕೈಬಿಡಿ ಅನ್ನುವುದು. ಇನ್ನೊಂದು, ಎನ್‌ಎಚ್‌ಎಸ್ ರಕ್ಷಣೆಯ ಹೆಸರಿನದು, ಶರ್ಲಿ ವಿಲಿಯಮ್ಸ್ ಹೆಸರನ್ನು ತಲೆಬರಹದಲ್ಲೇ ಹಾಕಿಕೊಂಡದ್ದು. ಬಂದ ತಿದ್ದುಪಡಿಗಳು ಸಾಕು, ಇನ್ನು ಮಸೂದೆಯನ್ನು ಬೆಂಬಲಿಸಿ ಅನ್ನುವುದು ಅದರ ದನಿ. ಶನಿವಾರದ ಮತದಲ್ಲಿ ನಾವು ಸ್ವಲ್ಪದರಲ್ಲೇ ಸೋತೆವು.

ಆ ಸಂಜೆ ನನಗೆ ಬಹಳ ಕಷ್ಟವಾಯಿತು. ಶರ್ಲಿ ವಿಲಿಯಮ್ಸ್ ಅಂದರೆ ನನಗೆ ಮನೆಯ ಹಿರಿಯರಿದ್ದ ಹಾಗೆ. 1981ರಲ್ಲಿ ಸ್ವಂತ ಪಕ್ಷ ಬಿಟ್ಟು ಹೊಸ ಪಕ್ಷ ಕಟ್ಟಿದ ನಾಲ್ವರಲ್ಲಿ ಒಬ್ಬರು. 81 ವರ್ಷದಲ್ಲೂ ಮೇಲ್ಮನೆಯಲ್ಲಿ ಕೂತು ಈ ಮಸೂದೆಯನ್ನು ಸಾಲು ಸಾಲು ತಿದ್ದಿಸಿದವರು. ಜನರಿಗೆ ಆರೋಗ್ಯ ಸೇವೆ ಸಿಗುವುದಕ್ಕೆ ಮಂತ್ರಿಯೇ ಹೊಣೆ ಅನ್ನುವುದು ಕಾನೂನಿನಲ್ಲಿ ಉಳಿಯಬೇಕು ಅಂತ ಅವರು ಹಿಡಿದ ಪಟ್ಟು ದೊಡ್ಡದು. ಅವರ ಹೆಸರಿಗೆ ಎದುರಾಗಿ ಕಾರ್ಡ್ ಎತ್ತುವುದು ಹೇಗೆ? ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಅಮ್ಮ ಎಲ್ಲ ಕೇಳಿ, "ದೊಡ್ಡವರು ಅಂತ ಮರ್ಯಾದೆ ಕೊಡು. ಔಷಧಿ ಸರಿ ಇಲ್ಲ ಅಂದ್ರೆ ಸರಿ ಇಲ್ಲ ಅನ್ನು. ಎರಡೂ ಮಾಡಬಹುದಲ್ಲ," ಅಂದರು.

ರಾತ್ರಿ ಹೋಟೆಲಿನ ಲಾಬಿಯಲ್ಲಿ ಏಳೆಂಟು ಜನ ಕೂತೆವು. ಗೊತ್ತುವಳಿಯನ್ನು ಪೂರ್ತಿ ಸೋಲಿಸುವ ದಾರಿ ಬೇಡ ಅಂತ ಮಾತಾಯಿತು. ಅದರಲ್ಲಿ ಒಳ್ಳೆಯ ಅಂಶಗಳೂ ಇದ್ದವು, ಜೊತೆಗೆ ಅವರನ್ನೇ ಸೋಲಿಸಿದ ಹಾಗಾಗುತ್ತದೆ. ನಮ್ಮ ನಿಯಮದಲ್ಲಿ ಒಂದು ಸಾಲಿನ ಮೇಲಷ್ಟೇ ಪ್ರತ್ಯೇಕ ಮತ ಕೇಳಬಹುದು. ಮೂರನೇ ಓದಿನಲ್ಲಿ, ಅಂದರೆ ಆ ಮನೆಯ ಕೊನೆಯ ಹಂತದಲ್ಲಿ, ಮಸೂದೆಯನ್ನು ಬೆಂಬಲಿಸಿ ಅಂತ ಮೇಲ್ಮನೆಯ ನಮ್ಮ ಸದಸ್ಯರಿಗೆ ಹೇಳುವ ಸಾಲು ಒಂದಿತ್ತು. ಅದನ್ನಷ್ಟೇ ತೆಗೆಸಬೇಕು. ಆ ಸಾಲು ಹೋದರೆ ಪಕ್ಷದ ಒಪ್ಪಿಗೆ ಇದೆ ಅಂತ ಯಾರೂ ಹೇಳಿಕೊಳ್ಳುವಂತಿಲ್ಲ. ಬೇರೆ ಊರಿನ ಪ್ರತಿನಿಧಿಗಳೂ ಅದೇ ಲೆಕ್ಕ ಹಾಕಿದ್ದರು ಅಂತ ಬೆಳಿಗ್ಗೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಟೈನ್ ನದಿ ದಡದ ಸೇಜ್ ಸಭಾಂಗಣದ ಬಾಗಿಲಲ್ಲಿ ನಿಂತೆ. ಒಬ್ಬೊಬ್ಬರಿಗೂ ಹೇಳಿದ್ದು ಒಂದೇ ಮಾತು. ನೀವು ಶರ್ಲಿ ಅವರ ಪರವಾಗಿ ಮತ ಹಾಕಿ, ಆದರೆ ಆ ಒಂದು ಸಾಲು ತೆಗೆಯಲು ಮೊದಲು ಕಾರ್ಡ್ ಎತ್ತಿ. ಗದರಿದವರಿದ್ದರು. ನಮ್ಮ ಪಕ್ಷದ ಒಬ್ಬ ಕೌನ್ಸಿಲರ್ ನಿಂತು, "ಮೇ ತಿಂಗಳ ಚುನಾವಣೆಯಲ್ಲಿ ನನ್ನ ಸೀಟು ಹೋಗುತ್ತೆ, ಅದು ನಿಮಗೆ ಗೊತ್ತಾ?" ಅಂದರು. ಗೊತ್ತಿತ್ತು. ಹಿಂದಿನ ವರ್ಷದ ಸ್ಥಳೀಯ ಚುನಾವಣೆಯಲ್ಲಿ ನಮ್ಮವರು ನೂರಾರು ಸೀಟು ಕಳೆದುಕೊಂಡಿದ್ದರು. ಅವರಿಗೆ ಕೊಡುವ ಉತ್ತರ ನನ್ನಲ್ಲಿರಲಿಲ್ಲ. ಅವರ ಕೈ ಹಿಡಿದುಕೊಂಡೆ, ಅಷ್ಟೇ.

ಮಾತಾಡಲು ಚೀಟಿ ಕೊಟ್ಟಿದ್ದೆ, ಕರೆ ಬರಲಿಲ್ಲ. ನನಗಿಂತ ಚೆನ್ನಾಗಿ ಮಾತಾಡುವವರು ಮಾತಾಡಿದರು. ಪ್ರತ್ಯೇಕ ಮತಕ್ಕೆ ಕಾರ್ಡ್‌ಗಳು ಎದ್ದಾಗ ಕಣ್ಣಳತೆಗೆ ಸಮ ಸಮ ಕಂಡಿತು. ಎಣಿಸಬೇಕು ಅಂದರು. ಎಣಿಸುವವರು ಸಾಲು ಸಾಲಾಗಿ ಬಂದರು, ಕೈ ನೋಯುವವರೆಗೆ ಎತ್ತಿ ಹಿಡಿದಿದ್ದೆ. ಪಕ್ಕದಲ್ಲಿ ನಮ್ಮ ಅಧ್ಯಕ್ಷ ಮೇಷ್ಟ್ರು ಕೂತಿದ್ದರು. ಅವರ ಕಡೆ ನೋಡಬಾರದು ಅಂತ ತೀರ್ಮಾನಿಸಿದ್ದೆ, ಆದರೂ ನೋಡಿದೆ. ಅವರ ಕಾರ್ಡೂ ಮೇಲಿತ್ತು.

314 ಮತ ಸಾಲು ತೆಗೆಯಲು, 270 ಮತ ಉಳಿಸಲು.

ಸಾಲು ಹೋಯಿತು. ಮಸೂದೆ ನಿಲ್ಲಲಿಲ್ಲ. ನಮ್ಮ ಹೆಚ್ಚಿನ ಸದಸ್ಯರು ಸಂಸತ್ತಿನಲ್ಲಿ ಅದರ ಪರವಾಗಿಯೇ ಮತ ಹಾಕಿದರು. ಮಾರ್ಚ್ 27ಕ್ಕೆ ರಾಣಿಯ ಅಂಕಿತ ಬಿತ್ತು. ಆ ದಿನ ನಮ್ಮ ಘಟಕದ ಇಬ್ಬರು ಪಕ್ಷ ಬಿಟ್ಟರು. ನಾನು ಬಿಡಲಿಲ್ಲ. ಯಾಕೆ ಅಂತ ಬಹಳ ಜನ ಕೇಳಿದ್ದಾರೆ. ನಾಯಕರ ಮುಖಕ್ಕೆ ಹಿಡಿದು ಎಣಿಸುವಂಥ ಕಾರ್ಡನ್ನು ನನ್ನ ಕೈಗೆ ಕೊಟ್ಟ ಜಾಗ ಇದೊಂದೇ. 314 ಜನರಿಗೆ ಬೆನ್ನು ತಿರುಗಿಸಿ ಹೋಗಲು ನನಗೆ ಮನಸ್ಸಾಗಲಿಲ್ಲ.

ಹೊಸ ವ್ಯವಸ್ಥೆ ಶುರುವಾದದ್ದು 2013ರ ಏಪ್ರಿಲ್ 1ಕ್ಕೆ. ಅದು ಈಸ್ಟರ್ ಸೋಮವಾರ, ರಜೆ. ಮಂಗಳವಾರ ಕ್ಲಿನಿಕ್ ತೆಗೆದಾಗ ಮೊದಲು ಮಾಡಿದ ಕೆಲಸ, ಗೋಡೆಯ ಮೇಲಿದ್ದ ಟ್ರಸ್ಟ್‌ನ ದೂರಿನ ನಂಬರು ಕಿತ್ತದ್ದು. ಬದಲಿಗೆ ಯಾವ ನಂಬರು ಅಂಟಿಸಬೇಕು ಅಂತ ಕೇಳಲು ಮೂರು ಕಡೆ ಫೋನ್ ಮಾಡಿದೆ. ಮೂರು ಕಡೆಯೂ ಇನ್ನೊಬ್ಬರನ್ನು ಕೇಳಿ ಅಂದರು. ಕಾಲಿನ ಹುಣ್ಣಿನ ಅಜ್ಜ ಅವತ್ತು ಡ್ರೆಸ್ಸಿಂಗ್ ತೋರಿಸಲು ಬಂದಿದ್ದರು. ಅವರ ಕಾಲು ಇನ್ನೂ ಇತ್ತು. ಮನೆಗೆ ಬರುತ್ತಿದ್ದ ನರ್ಸ್ ಇನ್ನು ಮುಂದೆಯೂ ಬರುತ್ತಾರಾ ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಅವರ ಎದುರಿಗೇ ನರ್ಸ್‌ಗೆ ಫೋನ್ ಮಾಡಿ ಕೇಳಿದೆ.