ಮುಂಗಡ ಕೊಡುವ ಮೊದಲು ಸರಪಳಿ ಎಳೆಸಿದೆವು

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆ ಮನೆ ನೋಡಿದ್ದು ಮಾರ್ಚ್ ತಿಂಗಳಲ್ಲಿ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚು, ಜಗಲಿಯಲ್ಲಿ ಸಾಲಾಗಿ ಆರು ಮುಂಡಿಗೆ, ಅಂದರೆ ಮರದ ಕಂಬ. ಹಿಂದೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಧರೆಯ ಮೇಲೆ ಕಾಡು. ನನ್ನ ಗಂಡ ಜಗಲಿ ಮೇಲೆ ಕೂತವರು ಏಳಲೇ ಇಲ್ಲ. ನನಗೂ ಇದೇ ಮನೆ ಅಂತ ಮನಸ್ಸಿಗೆ ಬಂದುಬಿಟ್ಟಿತ್ತು. ಆದರೂ ಅವತ್ತು ಒಂದು ರೂಪಾಯಿ ಮುಂಗಡ ಕೊಡದೆ ಶಿವಮೊಗ್ಗಕ್ಕೆ ವಾಪಸ್ ಬಂದೆವು.

ಅದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ಬೇರೆ ಕಡೆ ಹೀಗೇ ಒಂದು ಮನೆ ಮೆಚ್ಚಿ 50,000 ರೂಪಾಯಿ ಮುಂಗಡ ಕೊಟ್ಟಿದ್ದೆವು. ಪಹಣಿಯಲ್ಲಿ ಸರ್ವೆ ನಂಬರಿನ ಜೊತೆ 'ಪೈಕಿ' ಅಂತ ಇತ್ತು. ಅದೊಂದು ಪದಕ್ಕೆ ಎಷ್ಟು ಅರ್ಥ ಇದೆ ಅಂತ ಆಗ ಗೊತ್ತಿರಲಿಲ್ಲ. ದೊಡ್ಡ ನಂಬರಿನಲ್ಲಿ ಹಲವರಿಗೆ ಜಮೀನು ಇದೆ, ಆದರೆ ಯಾರದು ಎಲ್ಲಿಂದ ಎಲ್ಲಿಯವರೆಗೆ ಅಂತ ಅಳತೆ ಮಾಡಿ, ಬೇರೆ ಬೇರೆ ನಂಬರು ಕೊಟ್ಟು ಪೋಡಿ ಮಾಡಿಲ್ಲ ಅಂತ ಅರ್ಥ. ನಂಬರಿನ ಒಂದು ಭಾಗ ಮಾರುವುದಾದರೆ ಆ ಭಾಗ ಅಳೆದು ಬರೆದ 11ಇ ಸ್ಕೆಚ್ ಬೇಕು. ಅದಿಲ್ಲದೆ ನೋಂದಣಿ ಆಗುವುದಿಲ್ಲ. ಅಲ್ಲಿ ಸ್ಕೆಚ್ ಮಾಡಿಸಲು ಹೋದರೆ ಕಾಗದಕ್ಕೂ ನೆಲದ ಮೇಲಿನ ಜಾಗಕ್ಕೂ ಹೊಂದಲೇ ಇಲ್ಲ. ಮುಂಗಡ ವಾಪಸ್ ಬರಲು ಒಂದು ವರ್ಷ ಹಿಡಿಯಿತು, ಅದೂ ಮೂರು ಕಂತಿನಲ್ಲಿ. ಅವತ್ತೇ ತೀರ್ಮಾನ ಮಾಡಿದ್ದೆ. ಇನ್ನು ಮನೆ ಎಷ್ಟೇ ಚೆಂದ ಇರಲಿ, ಮೊದಲು ಜಾಗ ಅಳೆಸಬೇಕು, ಆಮೇಲೆ ತಿಳಿದವರಿಗೆ ಮನೆ ತೋರಿಸಬೇಕು, ಆಮೇಲೆ ದುಡ್ಡಿನ ಮಾತು.

ಈ ಸಲ ದಲ್ಲಾಳಿ ಅವಸರ ಮಾಡಿದ. ಬೆಂಗಳೂರಿನ ಪಾರ್ಟಿ ಕಾಯ್ತಿದೆ ಅಂದ. ನಿಜವೂ ಇರಬಹುದು. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ನಮ್ಮ ಕಡೆ ಹಳೇ ಮನೆ ಹುಡುಕಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಬೇರೆಯವರು ತಗೊಂಡರೆ ತಗೊಳ್ಳಲಿ ಅಂತ ಗಟ್ಟಿ ಮನಸ್ಸು ಮಾಡಿದೆವು.

ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ ವಯಸ್ಸು. ಗಡಿ ಅಳೆದು ಗುರುತು ಮಾಡುವ ಹದ್ದುಬಸ್ತಿಗೆ ಅರ್ಜಿ ಕೊಡಬೇಕಾದ್ದು ಜಮೀನಿನ ಮಾಲೀಕರು, ಕೊಳ್ಳುವವರಲ್ಲ. ಹಾಗಾಗಿ ಅವರನ್ನೇ ಕೇಳಬೇಕಾಯಿತು. ಅವರ ಮುಖ ಸಣ್ಣದಾಯಿತು. "ನಮ್ಮ ಅಪ್ಪಯ್ಯನ ಕಾಲದಿಂದ ಯಾರೂ ಹೀಗೆ ಕೇಳಿಲ್ಲ ತಂಗಿ. ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರು. "ನಂಬಿಕೆ ಇದೆ ಯಜಮಾನ್ರೇ. ನಾಳೆ ನಮ್ಮ ಮಕ್ಕಳಿಗೂ ಪಕ್ಕದ ತೋಟದವರ ಮಕ್ಕಳಿಗೂ ಜಗಳ ಆಗಬಾರದಲ್ವಾ? ಖರ್ಚು ಪೂರ್ತಿ ನಮ್ಮದು" ಅಂದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, ಅರ್ಜಿ ಬರೆದುಕೊಡಿ, ಸಹಿ ಹಾಕ್ತೀನಿ ಅಂದರು.

ಅಳತೆಗೆ ಮೊದಲು ಕಾಗದ ಕೂಡಿಸಿದೆವು. ಪಹಣಿ, ಖಾತೆ ಬದಲಾವಣೆಯ ಮ್ಯುಟೇಶನ್, ಸಾಲ ಕ್ರಯದ ವಿವರ ಇರುವ ಇಸಿ ಎಲ್ಲರಿಗೂ ಗೊತ್ತಿರುವಂಥದ್ದು. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ನಾವು ತಾಲ್ಲೂಕು ಸರ್ವೆ ಕಚೇರಿಯಿಂದ ಹಳೇ ಅಳತೆಯ ಟಿಪ್ಪಣಿ, ನಂಬರಿನ ಮೂಲ ವಿಸ್ತೀರ್ಣ ಬರೆದ ಆಕಾರಬಂದ್ ಮತ್ತು ಗ್ರಾಮ ನಕಾಶೆ ತೆಗೆಸಿದೆವು. ಪಹಣಿಯ ವಿಸ್ತೀರ್ಣವೂ ಆಕಾರಬಂದ್‌ನ ವಿಸ್ತೀರ್ಣವೂ ಒಂದೇ ಇದೆಯಾ ಅಂತ ನೋಡಬೇಕು. ನಮ್ಮದರಲ್ಲಿ ಎರಡೂ 1 ಎಕರೆ 12 ಗುಂಟೆ, ಅದರಲ್ಲಿ 4 ಗುಂಟೆ ಖರಾಬು. ಖರಾಬು 'ಎ' ಆದರೆ ಅದು ಮನೆ, ಕಣ, ಬಂಡೆ ಹೀಗೆ ಸಾಗುವಳಿಗೆ ಬಾರದ ಜಾಗ. 'ಬಿ' ಆದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಅದು ಸರ್ಕಾರದ್ದು. ನಮ್ಮ 4 ಗುಂಟೆ 'ಎ' ಅಂತ ಕಂಡಾಗ ಸಮಾಧಾನ ಆಯಿತು. ಜಮೀನು ಇವರಿಗೆ ಹೇಗೆ ಬಂತು ಅಂತಲೂ ನೋಡಿದೆವು. ನಮ್ಮ ಜಿಲ್ಲೆಯಲ್ಲಿ ಇದು ಬಹಳ ಮುಖ್ಯ. ಗೇಣಿ ಜಮೀನು ಭೂ ನ್ಯಾಯಮಂಡಳಿಯಿಂದ ಬಂದದ್ದಾ, ಸರ್ಕಾರಿ ಜಾಗ ಸಾಗುವಳಿ ಮಾಡಿದವರಿಗೆ ಕೊಟ್ಟ ಬಗರ್‌ಹುಕುಂ ಮಂಜೂರಾತಿಯಾ, ಶರಾವತಿ ಮುಳುಗಡೆಯವರಿಗೆ ಕೊಟ್ಟದ್ದಾ, ಪರಿಶಿಷ್ಟರಿಗೆ ಮಂಜೂರಾದದ್ದಾ, ಒಂದೊಂದಕ್ಕೂ ಒಂದೊಂದು ಷರತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. ಇದು ಪಿತ್ರಾರ್ಜಿತ ಹಿಡುವಳಿ. ವಂಶವೃಕ್ಷದಲ್ಲಿದ್ದ ಇಬ್ಬರು ಅಕ್ಕತಂಗಿಯರ ಸಹಿಯೂ ಬೇಕು ಅಂತ ನಮ್ಮ ವಕೀಲರು ಮೊದಲೇ ಹೇಳಿದರು.

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಿಡಿದು ಅಂಗಳದಲ್ಲಿ ನಿಂತು ನೋಡಿದ್ದೆ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಕೊಟ್ಟಿಗೆ ಹತ್ತಿರ ಹೋದಾಗ ನಂಬರು ಬದಲಾಯಿತು. ಆ್ಯಪ್‌ನಲ್ಲಿ ಕೆಲವು ಮೀಟರ್ ಆಚೀಚೆ ಆಗುತ್ತದೆ, ಅದನ್ನೇ ನಂಬಬಾರದು. ಆದರೆ ಅನುಮಾನ ಹುಟ್ಟಿಸಲು ಅಷ್ಟು ಸಾಕಾಯಿತು.

ಅಳತೆ ದಿನ ಬಂದದ್ದು ಮೇ ಕೊನೆಗೆ. ಚಕ್ಕುಬಂದಿಯ ಅಕ್ಕಪಕ್ಕದವರಿಗೆಲ್ಲ ನೋಟಿಸ್ ಹೋಗಿತ್ತು. ಪಕ್ಕದ ತೋಟದ ಇಬ್ಬರು ಬಂದಿದ್ದರು. ಯಜಮಾನರು ಊರುಗೋಲು ಹಿಡಿದು ಬಂದರು. ಹಳೇ ಟಿಪ್ಪಣಿ ಸರಪಳಿ ಲೆಕ್ಕದಲ್ಲಿದೆ. ಒಂದು ಸರಪಳಿ ಅಂದರೆ 33 ಅಡಿ, ಅದರಲ್ಲಿ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಇದು ಗೊತ್ತಿದ್ದರೆ ಭೂಮಾಪಕರು ಹೇಳುವುದು ನಿಮಗೂ ಅರ್ಥ ಆಗುತ್ತದೆ, ಸುಮ್ನೆ ಮರದ ನೆರಳಲ್ಲಿ ನಿಲ್ಲಬೇಕಾಗಿಲ್ಲ.

ಮೊದಲು ಮೂರು ನಂಬರು ಸೇರುವ ಬಾಂದು ಕಲ್ಲು, ಅಂದರೆ ಗಡಿ ಕಲ್ಲು ಬೇಕಿತ್ತು. ಇಲ್ಲೇ ಎಲ್ಲೋ ಇತ್ತು ಅಂತ ಯಜಮಾನರು ಗಡಿಗೆ ತೋಡಿದ ಅಗಳದ ಕಡೆ ಕೋಲು ತೋರಿಸಿದರು. ಅಗಳ ಅರ್ಧ ಮುಚ್ಚಿಹೋಗಿತ್ತು. ಲಂಟಾನ ಕಡಿದು, ಒಣ ಎಲೆಯ ದರಗು ಸರಿಸಿ, ಸಹಾಯಕ ಹುಡುಗ ಮುಕ್ಕಾಲು ಗಂಟೆ ಅಗೆದ. ಕೊನೆಗೆ ಗುದ್ದಲಿ ಠಣ್ ಅಂತು. ಮಣ್ಣು ಒರೆಸಿದರೆ ಮೊಣಕಾಲೆತ್ತರದ ಕಲ್ಲು, ಒಂದು ಕಡೆ ವಾಲಿಕೊಂಡು ಕೂತಿತ್ತು. ಅಲ್ಲಿಂದ ಗೆರೆ ಹಿಡಿದರೆ ಅದು ಹಿತ್ತಲು ದಾಟಿ ನೇರ ಬಚ್ಚಲು ಮನೆಗೇ ಬಂತು. ಸುಣ್ಣದ ಪುಡಿ ಹಾಕಿ ಗುರುತು ಮಾಡಿದರು. ಬಚ್ಚಲ ಬಾಗಿಲು ಗೆರೆಯ ಈಚೆ, ಹಂಡೆ ಒಲೆ ಆಚೆ. ಕೊಟ್ಟಿಗೆ ಪೂರ್ತಿ ಆಚೆ. ಎಲ್ಲ ಸೇರಿ ಎರಡು ಗುಂಟೆ ಚಿಲ್ಲರೆ.

ಆಚೆ ಇದ್ದದ್ದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು ತರಲು ತೋಟದವರಿಗೆ ಬಿಟ್ಟುಕೊಟ್ಟ ಜಾಗ ಅದು. ಸೊಪ್ಪು ಕಡಿಯುವ ಅನುಕೂಲ ಇರುತ್ತದೆ, ಒಡೆತನ ಸರ್ಕಾರದ್ದು. ಅಲ್ಲಿ ಮನೆ ಕಟ್ಟಿಕೊಂಡು ಕ್ರಯಕ್ಕೆ ಬರೆಯಲು ಆಗುವುದಿಲ್ಲ. ಯಜಮಾನರು ಸುಮಾರು ಹೊತ್ತು ಆ ಬಿಳಿ ಗೆರೆ ನೋಡುತ್ತ ನಿಂತರು. "ಈ ಕೊಟ್ಟಿಗೆ ಕಟ್ಟಿಸಿದ್ದು ನಾನೇ. ನಮ್ದೇ ಜಾಗ ಅಂತ್ಲೇ ಕಟ್ಟಿಸಿದ್ದು" ಅಂದರು. ಅವರ ಮಾತಲ್ಲಿ ಮೋಸ ಇರಲಿಲ್ಲ. ನಮ್ಮ ಕಡೆ ಬಹುಪಾಲು ಒತ್ತುವರಿ ಆಗುವುದು ಹೀಗೆಯೇ. ಅಗಳ ಮುಚ್ಚುತ್ತದೆ, ಕಲ್ಲು ಹೂತುಹೋಗುತ್ತದೆ, ಒಂದು ತಲೆಮಾರು ದಾಟಿದರೆ ಗಡಿ ಯಾರ ನೆನಪಲ್ಲೂ ಇರುವುದಿಲ್ಲ.

ಇನ್ನೊಂದು ವಿಷಯ ದಾರಿ. ಜೀಪು ಬರುವ ದಾರಿ ಪಕ್ಕದವರ ತೋಟದ ಅಂಚಿನಲ್ಲೇ ಹಾದು ಬರುತ್ತದೆ. ನಕಾಶೆಯಲ್ಲಿ ಅದು ಇಲ್ಲ. ನಕಾಶೆಯಲ್ಲಿ ಇರುವ ಕಾಲುದಾರಿ ಗದ್ದೆ ಕಡೆಯಿಂದ ಬರುತ್ತದೆ, ಅದರಲ್ಲಿ ಈಗ ಯಾರೂ ಓಡಾಡುವುದಿಲ್ಲ. "ದಾರಿಗೆ ಯಾರು ಬೇಡ ಅಂತಾರೆ, ಓಡಾಡಿ" ಅಂತ ಪಕ್ಕದವರು ಧಾರಾಳವಾಗಿ ಅಂದರು. ಹಾಗಾದರೆ ಬರೆದು ಕೊಡಿ ಅಂತ ಅಲ್ಲೇ ಕೇಳಿದೆ. ಕೇಳಲು ಸಂಕೋಚ ಆಯಿತು, ಆದರೂ ಕೇಳಿದೆ. ಅವರ ಅಡಿಕೆ ಗಿಡ ನಾಲ್ಕು ಹೋಗುತ್ತವೆ ಅಂತ ಅದಕ್ಕೆ ದುಡ್ಡು ಕೊಟ್ಟು, ಹತ್ತಡಿ ಅಗಲಕ್ಕೆ ದಾರಿ ಹಕ್ಕಿನ ಕರಾರು ಮಾಡಿಸಿ ನೋಂದಣಿ ಮಾಡಿಸಿದೆವು. ಗುಡ್ಡದಿಂದ ತಾನಾಗಿ ಹರಿಯುವ ಅಬ್ಬಿ ನೀರು ಬರುವುದು ಮೇಲಿನ ಕಾನಿನಿಂದ, ಅಂದರೆ ಕಾಡಿನಿಂದ. ಅದಕ್ಕೆ ಯಾರೂ ಬರೆದುಕೊಡುವ ಹಾಗಿಲ್ಲ. ಅದನ್ನು ನಂಬಿ ಮನೆ ತಗೊಳ್ಳಬಾರದು ಅಂತ, ಅಂಗಳದ ಹಳೇ ಬಾವಿಯಲ್ಲಿ ಮೇ ತಿಂಗಳಲ್ಲಿ ಎಷ್ಟು ನೀರಿದೆ ಅಂತ ಹಗ್ಗ ಬಿಟ್ಟು ಅಳೆದೆವು. ಏಳು ಅಡಿ ಇತ್ತು.

ಇನ್ನು ಮನೆ. ಹಳೇ ಮನೆ ನೋಡಲು ಒಬ್ಬ ಎಂಜಿನಿಯರ್ ಸಾಕಾಗುವುದಿಲ್ಲ. ನಾವು ಸಿವಿಲ್ ಎಂಜಿನಿಯರ್ ಜೊತೆಗೆ, ಅರವತ್ತು ದಾಟಿದ, ಮರಗೆಲಸದ ಒಬ್ಬ ಆಚಾರ್ರನ್ನೂ ಕರೆದುಕೊಂಡು ಹೋದೆವು. ದಿನದ ಕೂಲಿಗಿಂತ ಜಾಸ್ತಿಯೇ ಕೊಟ್ಟೆವು. ಕೊಟ್ಟದ್ದು ಕಡಿಮೆಯೇ ಆಯಿತು ಅಂತ ಈಗಲೂ ಅನಿಸುತ್ತದೆ.

ಯಜಮಾನರ ಮಗ ಒಂದು ಹೆಂಚು ತೋರಿಸಿ, ಮನೆ 1865ರದ್ದು ಅಂದಿದ್ದ. ಹೆಂಚಿನ ಮೇಲೆ ಅಚ್ಚೊತ್ತಿತ್ತು, ನಿಜ. ಆದರೆ ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಮನೆ ಕಟ್ಟಿದ ವರ್ಷ ಅಲ್ಲ. ತೊಲೆ ಕೆತ್ತಿದ ರೀತಿ ನೋಡಿ ಆಚಾರ್ರು ಎಂಬತ್ತು ತೊಂಬತ್ತು ವರ್ಷ ಇರಬಹುದು ಅಂದರು. ಮಂಗಗಳು ಓಡಾಡಿ ಹೆಂಚು ಒಡೆದಿದ್ದವು. ಅಂಥ ಕಡೆ ಹೆಂಚಿನ ಕೆಳಗಿನ ರೀಪು ಕಪ್ಪಾಗಿತ್ತು. ಅದು ದೊಡ್ಡ ವಿಷಯ ಅಲ್ಲ, ರೀಪು ಬದಲಾಯಿಸಬಹುದು.

ಆಚಾರ್ರು ನೋಡಿದ್ದು ಬೇರೆ ಜಾಗ. ಮರ ಗೋಡೆಯೊಳಗೆ ಹೋಗುವ ತುದಿ, ಮುಂಡಿಗೆಯ ಬುಡ, ಬಚ್ಚಲ ಪಕ್ಕದ ಗೋಡೆ. ಉಳಿಯ ಹಿಡಿಯಿಂದ ಬಡಿದು ಕಿವಿ ಕೊಡುತ್ತಿದ್ದರು. ಜಗಲಿಯ ಮುಂಡಿಗೆ ಆರೂ ಗಟ್ಟಿ ಸದ್ದು ಕೊಟ್ಟವು. "ಬೋಗಿ ಮರ. ಇದಕ್ಕೇನೂ ಆಗಲ್ಲ" ಅಂದರು. ಒಳಗೆ ಬಚ್ಚಲ ಕಡೆಯ ತೊಲೆಗೆ ಬಡಿದಾಗ ಸದ್ದು ಮಂದ ಆಯಿತು. ಉಳಿ ಊರಿದರೆ ನಾಲ್ಕು ಬೆರಳು ಒಳಗೆ ಹೋಯಿತು. ಹೊರಗೆ ತೆಗೆದಾಗ ಹುರಿಹಿಟ್ಟಿನ ಹಾಗೆ ಪುಡಿ ಉದುರಿತು. ಮೇಲ್ಗಡೆ ಬಣ್ಣ ಬಳಿದಿದ್ದರಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಒರಲೆ, ಅಂದರೆ ಗೆದ್ದಲು, ಗೋಡೆಯೊಳಗಿನ ಮಣ್ಣಿನಲ್ಲೇ ಏರಿ ತೊಲೆಯ ತುದಿ ತಿಂದಿತ್ತು. ಅಟ್ಟದ ಹಲಗೆಗೆ ಕುಟ್ಟೆ ಹುಳ ಹಿಡಿದಿತ್ತು. ಅಡುಗೆ ಒಲೆ ನಿಂತು ಗ್ಯಾಸ್ ಬಂದ ಮೇಲೆ ಅಟ್ಟಕ್ಕೆ ಹೊಗೆ ಹೋಗುವುದಿಲ್ಲ. ಹೊಗೆ ಇದ್ದಷ್ಟು ದಿನ ಹುಳ ಬರುತ್ತಿರಲಿಲ್ಲ ಅಂತ ಆಚಾರ್ರು ಹೇಳಿದರು.

ಎಂಜಿನಿಯರ್‌ ಗಮನ ಗೋಡೆ ಮೇಲೆ. ಜಂಬಿಟ್ಟಿಗೆ ತೂತುತೂತಾದ ಕಲ್ಲು, ನೀರು ಹೀರುತ್ತದೆ, ಬಿಸಿಲಿಗೆ ಒಣಗಿಬಿಡುತ್ತದೆ. ಹಿಂದೆ ಮಣ್ಣು, ಸುಣ್ಣದ ಗಾರೆ ಇದ್ದಾಗ ಗೋಡೆ ಹೀಗೇ ಒಣಗುತ್ತಿತ್ತು. ಈ ಮನೆಗೆ ಯಾವಾಗಲೋ ಹೊರಗಿನಿಂದ ಎರಡು ಅಡಿ ಎತ್ತರಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಹಾಗಾಗಿ ಒಳಗಡೆ ಸುಣ್ಣ ಉಬ್ಬಿ, ಬೆರಳಿಟ್ಟರೆ ಉಪ್ಪಿನಂಥ ಬಿಳಿ ಪುಡಿ ಅಂಟುತ್ತಿತ್ತು. ಅಂಗಳಕ್ಕೆ ಮಣ್ಣು ತುಂಬಿಸಿ ತುಂಬಿಸಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಮೇಲೆ ಬಂದಿತ್ತು. ಸಿಮೆಂಟ್ ಕೆರೆದು ತೆಗೆಯಿರಿ, ಸುತ್ತ ಚರಂಡಿ ಇಳಿಸಿ, ಗೋಡೆಗೆ ಸುಣ್ಣದ ಗಾರೆಯೇ ಹಾಕಿ ಅಂದರು. ನಮ್ಮ ಹಿಂದಿನವರು ಮಳೆಗಾಲಕ್ಕೆ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದದ್ದು ಎಷ್ಟು ಸರಿ ಅಂತ ಅವತ್ತು ಮನಸ್ಸಿಗೆ ಬಂತು.

ಮನೆಯ ಮೂಲೆಯಲ್ಲಿ ಒಂದು ಬಿರುಕಿತ್ತು. ಹಳೇದಾ, ಇನ್ನೂ ಬೆಳೀತಿದೆಯಾ ಅಂತ ನೋಡಿದ ಕೂಡಲೇ ಹೇಳಲು ಆಗುವುದಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದೆವು. ನಡುವೆ ಒಂದು ಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಗಾರೆ ಇಟ್ಟು ಅಂಟಿಸಿದೆವು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

ಆಮೇಲೆ ಕಾದೆವು. ಮಲೆನಾಡಿನ ಮನೆಯನ್ನು ಮಳೆಯಲ್ಲಿ ನೋಡದೆ ಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಈ ಹಳ್ಳಿಯಲ್ಲಿ ಅಷ್ಟಿಲ್ಲದಿದ್ದರೂ ಮಾರ್ಚಿನ ಮನೆಯೇ ಬೇರೆ, ಜುಲೈನ ಮನೆಯೇ ಬೇರೆ. ಪುಷ್ಯ ಮಳೆ ಜೋರು ಹಿಡಿದಾಗ ಹೋಗಿ ಒಂದು ರಾತ್ರಿ ಅಲ್ಲೇ ಮಲಗಿದೆವು. ಯಜಮಾನರ ಮನೆಯಾಕೆ ಬಿಸಿ ಬಿಸಿ ಕಾಫಿ ಕೊಟ್ಟು, "ನೋಡ್ಕಳಿ, ಎಲ್ಲಾ ನೋಡ್ಕಳಿ" ಅಂದರು. ಮಾಡು ಮೂರು ಕಡೆ ಸೋರಿತು. ಅಡುಗೆ ಮನೆ ನೆಲದಲ್ಲಿ ಒಂದು ಕಡೆ ಜಲ ಎದ್ದಿತ್ತು. ನನಗೆ ಭಯ ಇದ್ದದ್ದು ಧರೆಯದ್ದು. ಹಿಂದಿನ ಗೋಡೆಗೂ ಧರೆಗೂ ಎಂಟು ಅಡಿ ಅಂತರ. ಛತ್ರಿ ಹಿಡಿದು ನಿಂತು ನೋಡಿದೆವು. ಮರಗಳು ನೆಟ್ಟಗಿದ್ದವು, ಧರೆ ಮೇಲಿನ ನೀರು ಒಂದು ಕಾಲುವೆ ಹಿಡಿದು ಬದಿಗೆ ಹೋಗುತ್ತಿತ್ತು, ಮಣ್ಣು ಜಾರಿದ ಹಸಿ ಗುರುತಿರಲಿಲ್ಲ. 2019ರ ಆಗಸ್ಟ್‌ನ ಮಳೆಯಲ್ಲಿ ಏನಾಗಿತ್ತು ಅಂತ ಕೇಳಿದೆ. ಆ ಕಾಲುವೆ ತೋಡಿಸಿದ್ದೇ ಆ ವರ್ಷ ಅಂತ ಮನೆಯವರು ಅಂದರು. ಗಾಜಿನ ಪಟ್ಟಿ ಸೆಪ್ಟೆಂಬರ್‌ವರೆಗೂ ಒಡೆಯಲಿಲ್ಲ.

ಅಕ್ಟೋಬರಿನಲ್ಲಿ ಜಗಲಿ ಮೇಲೆ ಕೂತು ಬೆಲೆ ಮಾತಾಡಿದೆವು. ಆಚಾರ್ರು ಬರೆದುಕೊಟ್ಟ ಮರದ ಪಟ್ಟಿ, ಎಂಜಿನಿಯರ್‌ ಕೊಟ್ಟ ಅಂದಾಜು, ಸರ್ವೆ ಸ್ಕೆಚ್ ಮೂರನ್ನೂ ಯಜಮಾನರ ಮುಂದೆ ಇಟ್ಟೆವು. ಜಗಳ ಏನೂ ಆಗಲಿಲ್ಲ. ತೊಲೆ, ಅಟ್ಟ, ಗಿಲಾವು, ಹೊಸ ಬಚ್ಚಲು, ಇಷ್ಟರ ಖರ್ಚಿನಲ್ಲಿ ಅರ್ಧ ಅವರು ಬಿಟ್ಟರು. ಕೃಷಿಯಿಂದ ವಾಸಕ್ಕೆ ಭೂ ಪರಿವರ್ತನೆ ಆಗದ ಜಮೀನು ಅಂತ ಬ್ಯಾಂಕಿನವರು ಮನೆ ಸಾಲ ಕೊಡಲಿಲ್ಲ. ನನ್ನ ಪಿಎಫ್ ದುಡ್ಡು, ನಮ್ಮ ತಾಯಿಮನೆ ಪಾಲಿನ ದುಡ್ಡು ಸೇರಿಸಿ ಕೊಟ್ಟೆವು. ಕ್ರಯಪತ್ರದಲ್ಲಿ ಸ್ಕೆಚ್ಚಿನ ಒಳಗಿನ ಜಾಗ ಮಾತ್ರ ಬರೆಸಿದೆವು. ಕೊಟ್ಟಿಗೆ ಬರಲಿಲ್ಲ. ಅದರ ಹೆಂಚು, ಮರ ಬಿಚ್ಚಿಸಿ ಅಂಗಳದಲ್ಲಿ ಪೇರಿಸಿಟ್ಟು, ಜಾಗ ಖಾಲಿ ಬಿಟ್ಟೆವು. ಬಚ್ಚಲ ಹೊಸ ಗೋಡೆ ಗೆರೆಯಿಂದ ಮೂರು ಅಡಿ ಈಚೆ ಎದ್ದಿದೆ, ಒಳಗೆ ಕೂರಿಸಿದ ಹಂಡೆ ಒಲೆ ಮೊದಲಿನದ್ದೇ.

ನೋಂದಣಿ ಆಗಿ ಹೊರಗೆ ಬಂದಾಗ ಯಜಮಾನರು ಸ್ಕೆಚ್ಚಿನ ಒಂದು ಪ್ರತಿ ಕೇಳಿದರು. ಕೆಳಗಿನ ತೋಟ ಇನ್ನೂ ಅವರ ಅಣ್ಣತಮ್ಮಂದಿರ ನಡುವೆ ಪಾಲಾಗಿಲ್ಲ. "ಅದನ್ನೂ ಹೀಗೇ ಅಳೆಸ್ಬೇಕು ತಂಗಿ, ನಾನಿರೋವಾಗ್ಲೇ" ಅಂದರು. ಎದುರಿಗಿದ್ದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಕೊಟ್ಟೆ. ಮಡಿಸಿ ಜೇಬಿಗೆ ಹಾಕಿಕೊಂಡರು.