ಐದು ಶಾಖೆಗೆ ಒಂದೇ ವಿಪಿಎನ್: ನಾನು ಜೋಡಿಸಿದ ಬಗೆ

ಶಿವಮೊಗ್ಗದಲ್ಲಿ ಮುಖ್ಯ ಕಚೇರಿ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರದಲ್ಲಿ ಒಂದೊಂದು ಶಾಖೆ. ಅಡಿಕೆ ಖರೀದಿಯ ಲೆಕ್ಕವೆಲ್ಲ ಶಿವಮೊಗ್ಗದ ಟ್ಯಾಲಿ ಸರ್ವರಿನಲ್ಲಿ. ಶಾಖೆಯವರು ಸಂಜೆ ಎಕ್ಸೆಲ್ ಫೈಲ್ ವಾಟ್ಸಾಪ್ ಮಾಡುತ್ತಿದ್ದರು, ಇಲ್ಲಿ ಒಬ್ಬರು ಕೂತು ಅದನ್ನೇ ಮತ್ತೆ ಟೈಪ್ ಮಾಡುತ್ತಿದ್ದರು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ (ಸರ್ವರಿನ ಪರದೆಯನ್ನು ದೂರದಿಂದಲೇ ತೆರೆಯುವ ಸೌಲಭ್ಯ) ಅವರೇ ನೇರವಾಗಿ ಎಂಟ್ರಿ ಮಾಡಲಿ ಅಂತ ತೀರ್ಮಾನವಾಯಿತು. ಆದರೆ ಅದು ಬಳಸುವ 3389 ಪೋರ್ಟನ್ನು, ಅಂದರೆ ಸರ್ವರಿನ ಆ ಬಾಗಿಲನ್ನು, ಇಂಟರ್ನೆಟ್ಟಿಗೆ ಸುಮ್ನೆ ತೆರೆದಿಡುವುದು ಅಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್‌ನವರನ್ನು ಮನೆಗೆ ಕರೆದಂತೆ. ಹಾಗಾಗಿ ವಿಪಿಎನ್, ಅಂದರೆ ಇಂಟರ್ನೆಟ್ ಮೇಲೇ ನಮ್ಮ ಕಚೇರಿಗಳಿಗೆ ಮಾತ್ರ ಇರುವ ಗುಪ್ತ ದಾರಿ.

ವಿಪಿಎನ್ ತಂತ್ರಾಂಶಗಳಲ್ಲಿ ನಾನು ಆರಿಸಿಕೊಂಡಿದ್ದು ವೈರ್‌ಗಾರ್ಡ್. 2020ರಿಂದ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇದೆ, ಮಿಕ್ರೋಟಿಕ್ ರೌಟರಿನ ಸಾಫ್ಟ್‌ವೇರಿನ (ರೌಟರ್‌ಒಎಸ್) 7ನೇ ಆವೃತ್ತಿಯಲ್ಲೂ ಬರುತ್ತದೆ. ಸೆಟಪ್ ಫೈಲ್ ಹತ್ತು ಹದಿನೈದು ಸಾಲು, ಅಷ್ಟೇ.

ನಿಜವಾದ ಕೆಲಸ ಅದಕ್ಕೂ ಮೊದಲಿನದು. ಎಲ್ಲ ಶಾಖೆಯಲ್ಲೂ ರೌಟರ್ ತಂದಿಟ್ಟಾಗ ಇದ್ದ ವಿಳಾಸವೇ ಉಳಿದಿತ್ತು: 192.168.1ರಿಂದ ಶುರುವಾಗುವುದು. ಸಾಗರದ ಪ್ರಿಂಟರೂ 192.168.1.50, ಸೊರಬದ ಡಿವಿಆರೂ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) 192.168.1.50. ಹೀಗಿದ್ದರೆ ಯಾವ ವಿಪಿಎನ್ ಹಾಕಿದರೂ ಪ್ಯಾಕೆಟ್ (ಡೇಟಾದ ತುಣುಕು) ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲ್ಲ ಅಲ್ವಾ? ಶಿವಮೊಗ್ಗಕ್ಕೆ 10.20.1.0/24, ಸಾಗರಕ್ಕೆ 10.20.2.0/24, ಹೀಗೆ ಹಂಚಿದೆ. /24 ಅಂದರೆ ಮೊದಲ ಮೂರು ಸಂಖ್ಯೆ ಒಂದೇ, ಕೊನೆಯದು ಮಾತ್ರ ಬೇರೆ. ಪ್ರಿಂಟರ್, ಕ್ಯಾಮೆರಾ, ಬೆರಳಚ್ಚಿನ ಹಾಜರಾತಿ ಯಂತ್ರ, ಒಂದೊಂದರ ಮುಂದೆ ನಿಂತು ವಿಳಾಸ ಬದಲಿಸಬೇಕು. ಬೇಸರದ ಕೆಲಸವೇ, ಆದರೂ ಮುಂದಿನದೆಲ್ಲ ಇದರ ಮೇಲೇ ನಿಲ್ಲುತ್ತದೆ.

ಆಮೇಲೆ ಪ್ರತಿ ರೌಟರಿನ ವ್ಯಾನ್ ವಿಳಾಸ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, ನೋಡಿದೆ. ಅದು 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ, ಹೊರಗಿನಿಂದ ಯಾರೂ ನಿಮ್ಮನ್ನು ಮುಟ್ಟಲಾರರು. ನಮ್ಮಲ್ಲಿ ಮುಖ್ಯ ಕಚೇರಿಯೂ ಹಾಗೇ ಇತ್ತು. ಅಲ್ಲಿಗೆ ಬದಲಾಗದ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ, ಕೊಳ್ಳಬಹುದಿತ್ತು. ಆದರೆ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಹೋದರೆ ಆ ಐಪಿಯೂ ಹೋಯಿತು. ಅದಕ್ಕೇ ಮುಂಬೈನ ಒಂದು ಸಣ್ಣ ಕ್ಲೌಡ್ ಸರ್ವರನ್ನು ನಡುವೆ ಇಟ್ಟೆ. ಆರೂ ಕಡೆಯಿಂದ ಅದಕ್ಕೇ ಕರೆ ಹೋಗುತ್ತದೆ. ಶಿವಮೊಗ್ಗದ ಫೈಬರ್ ಹೋಗಿ 4ಜಿಗೆ ಬಂದರೂ ಶಾಖೆಗಳ ಕಡೆ ಏನೂ ಬದಲಿಸಬೇಕಿಲ್ಲ. ಎಲ್ಲ ರೌಟರಿನಲ್ಲೂ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ (ಅಷ್ಟು ಹೊತ್ತಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗುತ್ತಿರುತ್ತದೆ), ಇಲ್ಲದಿದ್ದರೆ ಸುಮ್ಮನಿದ್ದಾಗ ನ್ಯಾಟ್ (ವಿಳಾಸ ಹಂಚುವ ಆ ವ್ಯವಸ್ಥೆ) ದಾರಿ ಮುಚ್ಚಿಬಿಡುತ್ತದೆ.

ವಿಪಿಎನ್ ಮೂಲಕ ಯಾವ ವಿಳಾಸಗಳಿಗೆ ಹೋಗಬೇಕು ಅಂತ ಹೇಳುವ ಶಾಖೆಯ ಅಲೌಡ್ ಐಪಿಯಲ್ಲಿ 10.20.0.0/16, ಅಂದರೆ 10.20ರಿಂದ ಶುರುವಾಗುವ ನಮ್ಮ ವಿಳಾಸಗಳನ್ನು ಮಾತ್ರ ಬರೆದೆ. 0.0.0.0/0 (ಎಲ್ಲ ವಿಳಾಸ) ಬರೆದರೆ ಅವರ ಯೂಟ್ಯೂಬೂ ಮುಂಬೈ ಸುತ್ತಿ ಬರುತ್ತದೆ.

4ಜಿ ಮೇಲಿದ್ದ ಹೊಸನಗರದಲ್ಲಿ ಒಂದು ವಿಚಿತ್ರ ಕಂಡಿತು. ಪಿಂಗ್ ಸರಿ, ಲಾಗಿನ್ ಪರದೆಯೂ ಬರುತ್ತದೆ, ಆಮೇಲೆ ಸ್ಕ್ರೀನ್ ನಿಂತುಬಿಡುತ್ತದೆ. ಸಣ್ಣ ಪ್ಯಾಕೆಟ್ ದಾಟಿ ದೊಡ್ಡದು ಸಿಕ್ಕಿಕೊಂಡರೆ ಅನುಮಾನ ಎಂಟಿಯು ಮೇಲೇ, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ಇರಬಹುದು ಅನ್ನುವ ಮಿತಿಯ ಮೇಲೆ. 1420 ಇದ್ದದ್ದನ್ನು 1280ಕ್ಕೆ ಇಳಿಸಿ ಎಂಎಸ್ಎಸ್ ಕ್ಲ್ಯಾಂಪ್ (ಎರಡೂ ಕಡೆ ಪ್ಯಾಕೆಟನ್ನು ಆ ಮಿತಿಯೊಳಗೇ ಇಡಿಸುವ ಸೆಟ್ಟಿಂಗ್) ಹಾಕಿದೆ, ಸರಿಹೋಯಿತು.

ಕೊನೆಗೆ ಫೈರ್‌ವಾಲ್, ಅಂದರೆ ಯಾವ ದಾರಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಅನ್ನುವ ನಿಯಮಗಳು. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಸೊರಬದ ಒಂದು ಕಂಪ್ಯೂಟರಿಗೆ ವೈರಸ್ ಬಂದರೆ ಅದು ಸಾಗರಕ್ಕೆ ಯಾಕೆ ತಲುಪಬೇಕು? ಮುಂಬೈ ಸರ್ವರಿನಲ್ಲಿ ಶಾಖೆಯಿಂದ ಶಾಖೆಗೆ ದಾರಿ ಬಂದ್. ಶಾಖೆಯಿಂದ ಟ್ಯಾಲಿ ಸರ್ವರಿನ 3389ಕ್ಕೆ ಮಾತ್ರ ಬಿಡುಗಡೆ. ಯಾವುದಾದರೂ ರೌಟರ್ ಕಳುವಾದರೆ ಅದನ್ನು ಗುರುತಿಸುವ ಪಬ್ಲಿಕ್ ಕೀ ಇರುವ ಸಾಲನ್ನು ಅಲ್ಲೇ ಅಳಿಸಿದರೆ ಆಯಿತು, ಉಳಿದ ಶಾಖೆಗಳ ಕೆಲಸ ನಿಲ್ಲುವುದಿಲ್ಲ.