ಡೀಸೆಲ್ ಕುಡಿದ ಮಣ್ಣು

ಪಾಂಡವಪುರದ ಹತ್ತಿರದ ನಮ್ಮ ಗದ್ದೆಯಲ್ಲಿ, ಪಂಪ್‌ಸೆಟ್ ಮನೆಯ ಹಿಂದಿನ ಡೀಸೆಲ್ ಡ್ರಮ್ಮು ಯಾವಾಗ ತೂತಾಯಿತೋ ತಿಳಿಯಲೇ ಇಲ್ಲ. ಪಕ್ಕದ ಅವರೆ ಗಿಡಗಳು ಸುಟ್ಟಂತೆ ಒಣಗಿದಾಗ ಕಣ್ಣಿಗೆ ಬಿತ್ತು. ‘ಮೇಲೆ ನಾಲ್ಕು ಬುಟ್ಟಿ ಕೆಮ್ಮಣ್ಣು ಸುರಿ’ ಎಂದರು ನೆರೆಯವರು. ಕೂಗಳತೆಯಲ್ಲೇ ಕುಡಿಯುವ ನೀರಿನ ಬಾವಿ ಇರುವಾಗ ಅದೆಂಥ ಸಲಹೆ!

ಹೆಜ್ಜೆಗೊಂದು ಗುಂಡಿ ತೋಡಿ, ಒಂದೊಂದರ ಮಣ್ಣನ್ನೂ ನೀರಿನ ಬಾಟಲಿಗೆ ಹಾಕಿ ಕುಲುಕಿದೆ. ಡೀಸೆಲ್ ಇದ್ದ ಕಡೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ. ಒಂದೂವರೆ ಅಡಿಯ ಕೆಳಗೆ ಅದು ಕಾಣಲಿಲ್ಲ.

ಅಷ್ಟನ್ನೂ ಅಗೆದು ದಪ್ಪ ಟಾರ್ಪಾಲಿನ ಮೇಲೆ ಮೊಣಕಾಲೆತ್ತರ ರಾಶಿ ಹಾಕಿದೆ. ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲೇ ಇರುತ್ತವೆ. ಅವಕ್ಕೆ ಡೀಸೆಲ್ಲಿನಿಂದ ಇಂಗಾಲ ಬೇಕಾದಷ್ಟು ಸಿಗುತ್ತದೆ, ಸಾರಜನಕ ಮತ್ತು ರಂಜಕ ಸಾಲುವುದಿಲ್ಲ. ಹಾಗಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಯೂರಿಯಾ, ರಂಜಕವಿರುವ ಡಿಎಪಿ ಗೊಬ್ಬರ ಬೆರೆಸಿದೆ. ಗಾಳಿಯಾಡಲೆಂದು ಕಬ್ಬಿನ ತರಗನ್ನು ಕತ್ತರಿಸಿ ಹಾಕಿದೆ. ಮೊದಲ ಸಲ ಯೂರಿಯಾ ಕೈಮೀರಿ ಬಿದ್ದು ಕಣ್ಣುರಿಯುವ ಘಾಟು ಎದ್ದಿತು. ಮತ್ತಷ್ಟು ತರಗು ಸೇರಿಸಿ ಸರಿಪಡಿಸಿದೆ. ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವ. ವಾರಕ್ಕೊಮ್ಮೆ ತಿರುವಿ, ಮಳೆ ಬಂದಾಗ ಮುಚ್ಚುತ್ತಿದ್ದೆ.

ನಾಲ್ಕು ತಿಂಗಳಿಗೆ ಪೊರೆ ಮಾಯವಾಯಿತು. ಆರಂಭದಲ್ಲಿ ಆ ಮಣ್ಣಿನಲ್ಲಿ 20 ಹುರುಳಿ ಕಾಳು ಬಿತ್ತಿದಾಗ ಮೊಳೆತದ್ದು 3, ಈಗ 17. ಆದರೂ ಅಲ್ಲಿ ಸೊಪ್ಪು ಬೆಳೆಯಲು ನಾನಿನ್ನೂ ಹೋಗಿಲ್ಲ. ಸಾಮಾನ್ಯ ಮಣ್ಣು ಪರೀಕ್ಷೆ ಪೋಷಕಾಂಶ ಹೇಳುತ್ತದೆಯೇ ಹೊರತು ಎಣ್ಣೆಯಂಶವನ್ನಲ್ಲ. ಹೈಡ್ರೋಕಾರ್ಬನ್ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಮಣ್ಣಿನ ಜೊತೆ ಬಾವಿಯ ನೀರಿನ ಮಾದರಿಯನ್ನೂ ಕಳುಹಿಸಿದ್ದೇನೆ. ಹೊಸ ಡ್ರಮ್ಮು ಈಗ ಸಿಮೆಂಟಿನ ತೊಟ್ಟಿಯೊಳಗೆ ಕುಳಿತಿದೆ.